ಕಾಯಿಲೆ ಬೆಕ್ಕು: ಬಳಕೆದಾರರ ಕೈಪಿಡಿ
(ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಿಗೆ ಮಾತ್ರ ಅನ್ವಯ)

ಮೊದಲು ಬೆಕ್ಕನ್ನು ಹುಡುಕಿ. ಮೈ ಹುಷಾರಿಲ್ಲದ ಬೆಕ್ಕು ಹೇಳಿ ಮಲಗುವುದಿಲ್ಲ. ಅಟ್ಟದ ಮೇಲೋ, ಕಡಲೆಕಾಯಿ ಮೂಟೆಗಳ ಸಂದಿಯಲ್ಲೋ ಸೇರಿಕೊಂಡಿರುತ್ತದೆ. ಸಿಕ್ಕ ಮೇಲೆ ಭುಜದ ಹತ್ತಿರದ ಚರ್ಮ ಹಿಡಿದೆತ್ತಿ ಬಿಡಿ. ತಟ್ಟನೆ ಕೂತರೆ ಸರಿ. ಒದ್ದೆ ಪಂಚೆಯ ಹಾಗೆ ಎತ್ತಿದಲ್ಲೇ ನಿಂತು ನಿಧಾನಕ್ಕೆ ಇಳಿದರೆ ಮೈಯಲ್ಲಿ ನೀರಿಲ್ಲ. ತುಟಿ ಎತ್ತಿ ಒಸಡು ಒತ್ತಿ ನೋಡಿ. ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು.

ಎರಡನೆಯ ಹಂತ, ಮನೆಯವರನ್ನು ಹತೋಟಿಗೆ ತರುವುದು. ಬೆಕ್ಕಿಗಿಂತ ಇದು ಕಷ್ಟ. ಥರ್ಮಾಮೀಟರು 101.5 ತೋರಿಸುತ್ತದೆ. ‘ಅಯ್ಯೋ, ಮೈ ಸುಡ್ತಾ ಐತೆ ಕಣೋ, ಅರ್ಧ ಡೋಲೋ ಹಾಕು’ ಅನ್ನುತ್ತಾರೆ ಚಿಕ್ಕಪ್ಪ. ಬೆಕ್ಕಿಗೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ ಶಾಖ. ಜ್ವರ ಇರುವುದು ಚಿಕ್ಕಪ್ಪನ ಲೆಕ್ಕದಲ್ಲಿ. ಡೋಲೋ 650ರ ಅರ್ಧ ಎಂದರೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್. ಮೂರೂವರೆ ಕಿಲೋ ಬೆಕ್ಕನ್ನು ಕೊಲ್ಲಲು ಅಷ್ಟು ಸಾಕು. ಅದನ್ನು ಪಳಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಈಲಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ರಕ್ತಕ್ಕೆ ಆಮ್ಲಜನಕ ಹೊರುವ ತಾಕತ್ತು ಹೋಗುತ್ತದೆ, ಒಸಡು ಕಂದಾಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ. ಆಗಲೇ ಯಾರಾದರೂ ನುಂಗಿಸಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ. ಎಷ್ಟು, ಯಾವ ಹೊತ್ತಿಗೆ ಎಂದು ಡಾಕ್ಟರಿಗೆ ಹೇಳಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವಿದೆ, ಬೇಗ ಸಿಕ್ಕಷ್ಟೂ ಆಸೆ.

ಇಷ್ಟರಲ್ಲಿ ಪಕ್ಕದ ಮನೆಯವರು ಸಿದ್ಧರಬೆಟ್ಟದಿಂದ ತಂದ ಬೇರು ಹಿಡಿದು ಬಂದಿರುತ್ತಾರೆ. ಕೊರಟಗೆರೆಯವರ ಎದುರು ಆ ಬೆಟ್ಟದ ಮೂಲಿಕೆಗಳ ಬಗ್ಗೆ ಹಗುರ ಮಾತು ಬೇಡ. ‘ಆಗಲಿ ಅಕ್ಕ’ ಎಂದು ಇಸಿದುಕೊಂಡು ಎತ್ತಿಡಿ. ಬೆಳ್ಳುಳ್ಳಿ ಕಷಾಯವಾದರೆ ಚೆಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ನಾಯಿಯ ಉಣ್ಣೆಗೆಂದು ಮಾರುವ ಪರ್ಮೆಥ್ರಿನ್ ಪುಡಿಯನ್ನಂತೂ ಬೆಕ್ಕಿಗೆ ತೋರಿಸಲೂಬೇಡಿ. ಹಾಲು? ದೊಡ್ಡ ಬೆಕ್ಕುಗಳಿಗೆ ಹೆಚ್ಚಾಗಿ ಅದು ಅರಗುವುದೇ ಇಲ್ಲ, ಭೇದಿ ಇನ್ನೂ ಜೋರಾಗುತ್ತದೆ. ಗಾದೆ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲ.

ಪಶು ಆಸ್ಪತ್ರೆ. ಶಿರಾ, ಪಾವಗಡದ ಕಡೆ ಕುರಿ ಜಾಸ್ತಿ. ಸಾಲಿನಲ್ಲಿ ಎಮ್ಮೆ, ಹೋತ, ಕುರಿಮಂದೆಯ ಯಜಮಾನ, ಆಮೇಲೆ ನೀವು. ‘ಬೆಕ್ಕಿಗೂ ಆಸ್ಪತ್ರೆನಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ, ನಕ್ಕುಬಿಡಿ. ಹೊರಡುವ ಮುಂಚೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಚೀಲದ ಸಮೇತ ತೂಗಿ, ಚೀಲದ ತೂಕ ಕಳೆದು ಬರೆದುಕೊಳ್ಳಿ. ಕಣ್ಣಂದಾಜಿನ ಔಷಧಿ ಹಸುವಿಗೆ ನಡೆದೀತು, ಬೆಕ್ಕಿಗೆ ನಡೆಯದು. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಸಿಗುತ್ತದೆ. ಅದು ಮುಖ್ಯವಾಗಿ ದನಕರುಗಳದ್ದು, ಆದರೂ ಕೇಳಿ ನೋಡಲು ಖರ್ಚಿಲ್ಲ. ರೋಗ ಕೈಮೀರಿದರೆ 1958ರಲ್ಲಿ ಶುರುವಾದ ಹೆಬ್ಬಾಳದ ಪಶುವೈದ್ಯ ಕಾಲೇಜೇ ಗತಿ. ಶಿರಾದವರಿಗೆ ಹೈವೇ ಇದೆ. ಪಾವಗಡದವರು ಮಧುಗಿರಿ, ಕೊರಟಗೆರೆ ದಾಟಿ, ರಟ್ಟಿನ ಡಬ್ಬದೊಳಗಿನ ಕೂಗಿಗೆ ಕಂಡಕ್ಟರ್ ತಿರುಗಿದಾಗಲೆಲ್ಲ ಕೆಮ್ಮುತ್ತ ಬರಬೇಕು.

ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಒಂದು ಹನಿ ಮೂತ್ರವೂ ಬಾರದಿದ್ದರೆ ಈ ಕೈಪಿಡಿ ಮುಚ್ಚಿ ಈಗಲೇ ಹೊರಡಿ. ನಾಳೆ ಅನ್ನುವಷ್ಟು ಸಮಯ ಇಲ್ಲ.

ಉಣಿಸುವುದು. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಈಲಿಗೆ ಸೇರಿ ಹೊಸ ಕಾಯಿಲೆ ಹುಟ್ಟುತ್ತದೆ. ವಾಂತಿ ನಿಂತ ಮೇಲೆ, ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯನ್ನು ನುಣ್ಣಗೆ ಅರೆದು ಉಗುರುಬೆಚ್ಚಗೆ ಮಾಡಿ. ಮೂಗಿಗೆ ವಾಸನೆ ಹತ್ತದ ಊಟವನ್ನು ಬೆಕ್ಕು ಊಟವೆಂದೇ ಒಪ್ಪುವುದಿಲ್ಲ. ಮಾಂಸ ಬೇಯಿಸದ ಮನೆಯವರು ಬೇರು ತಂದುಕೊಟ್ಟ ಅಕ್ಕನ ಸ್ನೇಹವನ್ನು ಈಗ ಬಳಸಿಕೊಳ್ಳಬಹುದು. ಬೆಕ್ಕನ್ನು ಟವೆಲಿನಲ್ಲಿ ಬಾಣಂತಿಮನೆಯ ಕೂಸಿನ ಥರ ಸುತ್ತಿ, ಸೂಜಿ ತೆಗೆದ ಸಿರಿಂಜನ್ನು ಕೆನ್ನೆಯ ಪಕ್ಕದಿಂದ ತೂರಿಸಿ ಒಂದೊಂದೇ ಗುಟುಕು ಬಿಡಿ. ನೇರ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಇಳಿದೀತು. ನುಂಗಿತೆಂದು ನಂಬುವ ಮುನ್ನ ನಿಮ್ಮ ಅಂಗಿ ನೋಡಿಕೊಳ್ಳಿ.

ಕಚ್ಚಿದರೆ, ಕಚ್ಚೇ ಕಚ್ಚುತ್ತದೆ, ಹಲ್ಲಿನ ತೂತು ಸಣ್ಣದು, ಆಳ ಜಾಸ್ತಿ. ಹದಿನೈದು ನಿಮಿಷ ಸೋಪು ಹಚ್ಚಿ ನಲ್ಲಿ ನೀರಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಿ. ‘ಯಾವ ನಾಯಿ?’ ಎಂದು ಕೇಳುತ್ತಾರೆ. ‘ನಾಯಿಯಲ್ಲ, ನಮ್ಮದೇ ಬೆಕ್ಕು’ ಎನ್ನಲು ನಾಚಿಕೆ ಬೇಡ. ರೇಬೀಸ್ ಲಸಿಕೆ ಬರೆದರೆ, ಚರ್ಮದೊಳಗೆ ಕೊಡುವ ಬಗೆಯಲ್ಲಿ 0, 3, 7, 28ನೇ ದಿನ ತಪ್ಪದೆ ಹೋಗಬೇಕು. ಬೆಕ್ಕಿನ ಚೀಟಿ, ನಿಮ್ಮ ಚೀಟಿ ಬೇರೆ ಬೇರೆ ಜೇಬಿನಲ್ಲಿರಲಿ.