ಮುಂದಕ್ಕ ಒಯ್ರಿ

ಬೆಂಗಳೂರು ಮಾಗಡಿ ರಸ್ತೆಯ ಆರೋಗ್ಯ ಸೌಧದಲ್ಲಿ ವಿರಾಜಮಾನರಾಗಿರುವ ಸಮಸ್ತ ಸಾಹೇಬರಿಗೆ,

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಪರವಾಗಿ ಶರಣು ಶರಣಾರ್ಥಿ. ಈ ಮೂರರಲ್ಲಿ ಯಾವ ಊರಿನ ದವಾಖಾನೆಯಿಂದ ಈಗಷ್ಟೇ ಮನೆಗೆ ಬಂದೆ ಎಂದು ಹೇಳುವುದಿಲ್ಲ. ಹೇಳಿದರೆ ನೋಟಿಸು ಬರುವುದು ಅಲ್ಲಿಯ ಸಿಸ್ಟರ್‌ಗೆ. ಪಾಪ, ಅಷ್ಟು ದೊಡ್ಡ ಕಟ್ಟಡದಲ್ಲಿ ಕೂಡ್ರಲು ಪುರುಸೊತ್ತಿಲ್ಲದೆ ಓಡಾಡುತ್ತಿದ್ದವಳು ಅವಳೊಬ್ಬಳೇ.

ಇವತ್ತು 9ನೇ ತಾರೀಖು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಬಸುರಿಯರಿಗೆ ಪುಕ್ಕಟೆ ತಪಾಸಣೆ ಎಂದು ಗೋಡೆ ಮೇಲೆ ಬರೆಸಿದ್ದೀರಿ. ಓದಲು ಬರುವುದೇ ನಮ್ಮ ತಪ್ಪು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಅಣ್ಣನ ಮಗಳನ್ನು ಕರೆದುಕೊಂಡು ಹೋದೆ. ತೂಕ ನೋಡಿದರು, ಬಿಪಿ ನೋಡಿದರು, ಕಬ್ಬಿಣಾಂಶದ ಗುಳಿಗೆ ಕೊಟ್ಟರು, ತಾಯಿ ಕಾರ್ಡಿನಲ್ಲಿ ಬರೆದರು. ಇಲ್ಲಿಯವರೆಗೆ ನಿಮ್ಮ ಸರಕಾರಕ್ಕೆ ಜಯವಾಗಲಿ.

ಆಮೇಲೆ ಸ್ಕ್ಯಾನಿಂಗ್. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಮಷೀನು ಕಾಣುತ್ತದೆ. ದವಾಖಾನೆಯ ಸೀಲು ಬಿದ್ದ ಚಾದರ ಹೊದ್ದು ಮಲಗಿದೆ. ನಮ್ಮ ಊರಿನಲ್ಲಿ ಸರಿಯಾಗಿ ಬೆಡ್ ರೆಸ್ಟ್ ಸಿಕ್ಕಿರುವುದು ಅದಕ್ಕೊಂದಕ್ಕೇ.

‘ಮಷೀನ್ ಅದರಿ, ನೋಡೋ ಡಾಕ್ಟರ್ ಇಲ್ಲ. ಸೋಮವಾರ ಬರ್ತಾರ.’

‘ಯಾವ ಸೋಮವಾರರಿ?’

‘ಬಂದ ಸೋಮವಾರ.’

ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಿಮ್ಮ ಇಲಾಖೆಯಿಂದ ನಾನು ಕೇಳಿಲ್ಲ. ಆಮೇಲೆ ಚೀಟಿಯ ಮೇಲೆ ‘ಕಲಬುರಗಿಗೆ’ ಎಂದು ಬರೆದು, ‘ಮುಂದಕ್ಕ ಒಯ್ರಿ’ ಅಂದರು. ಎದೆನೋವಿಗೂ ಇದೇ ಮದ್ದು, ಮುರಿದ ಕಾಲಿಗೂ ಇದೇ.

ಹೀಗಾಗಿ ಒಂದು ಸತ್ಯ ನನಗೆ ಹೊಳೆದಿದೆ. ನಮ್ಮ ಹೆಣ್ಣುಮಕ್ಕಳಿಗೆ ನೀವು ಕೊಟ್ಟ ಅತಿ ದೊಡ್ಡ ಆರೋಗ್ಯ ಯೋಜನೆ ನಿಮ್ಮ ಇಲಾಖೆಯದ್ದೇ ಅಲ್ಲ, ಸಾರಿಗೆಯವರದ್ದು. 2023ರ ಶಕ್ತಿ ಯೋಜನೆ! ದವಾಖಾನೆಯಲ್ಲಿ ಚೀಟಿ, ಬಸ್ಸಿನಲ್ಲಿ ಟಿಕೆಟ್ಟು, ಎರಡೂ ಪುಕ್ಕಟೆ. ಕಂಡಕ್ಟರನ ಕೊರಳಿಗೊಂದು ಸ್ಟೆತಸ್ಕೋಪು ಹಾಕಿದರೆ ಮುಗಿಯಿತು. ಆದರೆ ಆಳಂದ, ಅಫಜಲಪುರದ ಅರ್ಧ ಊರು ಎದ್ದು ಹೋಗುವುದು ಮಹಾರಾಷ್ಟ್ರದ ಸೊಲ್ಲಾಪುರದ ಖಾಸಗಿ ದವಾಖಾನೆಗಳಿಗೆ. ಅಲ್ಲಿಗೆ ಮಾತ್ರ ನಿಮ್ಮ ಶಕ್ತಿ ನಡೆಯುವುದಿಲ್ಲ. ಹೊಲ ಒತ್ತೆ ಇಟ್ಟು ಹೋಗಬೇಕು.

ನಾವು ಹಿಂದುಳಿದವರು ಎನ್ನುವುದಕ್ಕೆ ದಾಖಲೆ ಇಲ್ಲದಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ನಮ್ಮ ಮೂರೂ ಅದರಲ್ಲಿ ಪಾಸಾದವು. ಆಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನದ 371ಜೆ ಕಲಮು ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆ ಆಯಿತು, 371ಜೆ ನೆನಪಿಗೆ ಸರಿಯಾಗಿ 371 ಹಾಸಿಗೆ. ಆಸ್ಪತ್ರೆ ಬೇಕಾಗಿತ್ತು, ಬಂತು, ಒಳ್ಳೆಯದಾಯಿತು; ಕೊಂಕು ಮಾತಲ್ಲ. ಆದರೆ ಹಾಸಿಗೆಯನ್ನು ಕಲಮು ನೋಡಿ ಎಣಿಸುವ ಲೆಕ್ಕ ಕಂಡು ಎದೆ ಝಲ್ಲೆಂದಿತು. ನಮ್ಮ ಪುಣ್ಯಕ್ಕೆ ಅದು 12ನೇ ಕಲಮು ಆಗಿರಲಿಲ್ಲ. ಇದೇ ಲೆಕ್ಕದಲ್ಲಿ ನಮ್ಮ ತಾಲ್ಲೂಕಿಗೂ ಒಂದು ಕಲಮು ದಯಪಾಲಿಸಿ. 371 ಬೇಡ, ಒಂದನೆಯ ಕಲಮು ಸಾಕು. ಸ್ಕ್ಯಾನಿಂಗ್ ಡಾಕ್ಟರೂ ಒಬ್ಬರೇ ಸಾಕು.

ಮಷೀನನ್ನು ಸಿಸ್ಟರ್ ಯಾಕೆ ನಡೆಸಬಾರದು ಎಂದು ನಾನು ಕೇಳುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರ ಕಾಯ್ದೆ ಇದೆ. ಅರ್ಹತೆ ಇದ್ದು ನೋಂದಾಯಿಸಿಕೊಂಡ ಡಾಕ್ಟರೇ ಮುಟ್ಟಬೇಕು. ಆ ಕಾಯ್ದೆ ಇರಲೇಬೇಕು. ಅಂಥ ಡಾಕ್ಟರು ಇಲ್ಲಿಗೆ ಯಾಕೆ ಬರುವುದಿಲ್ಲ ಎನ್ನುವುದೂ ಗೊತ್ತು: ಕಲಬುರಗಿಯ ಖಾಸಗಿ ಸೆಂಟರಿನಲ್ಲಿ ಎಷ್ಟೋ ಹೆಚ್ಚು ದುಡಿಮೆ, ಇಲ್ಲಿ ಸೋರುವ ಕ್ವಾರ್ಟರ್ಸು. ಆದರೆ ಆ ಕಾಯ್ದೆ ನಿಮಗೂ ಗೊತ್ತಿತ್ತಲ್ಲ? ಮಷೀನಿಗೆ ಟೆಂಡರ್ ಕರೆಯುವ ದಿನ ಡಾಕ್ಟರ ನೆನಪು ಯಾರಿಗೂ ಆಗಲಿಲ್ಲವೇ? ಟೆಂಡರಿನಲ್ಲಿ ಮಷೀನಿಗೆ ಕಮಿಷನ್ ಇರುತ್ತದೆ, ಡಾಕ್ಟರಿಗೆ ಇರುವುದಿಲ್ಲ ಎಂದು ಕಟ್ಟೆಯ ಮೇಲಿನ ಮಂದಿ ಆಡಿಕೊಳ್ಳುತ್ತಾರೆ. ನಾನು ನಂಬಿಲ್ಲ. ನೀವು ಒಂದು ಸಲ ಅಲ್ಲವೆಂದರೆ ಅವರೂ ಬಿಟ್ಟಾರು.

ನಗೆಚಾಟಿಕೆ ಸಾಕು. ಕೂಸು ಅಡ್ಡ ಇದೆಯೋ, ಮಾಸು ಕೆಳಗೆ ಬಂದು ಗರ್ಭದ ಬಾಯಿ ಮುಚ್ಚಿದೆಯೋ ಎನ್ನುವುದು ಸ್ಕ್ಯಾನಿಂಗಿನಲ್ಲಿ ತಿಂಗಳ ಮೊದಲೇ ಗೊತ್ತಾಗುತ್ತದೆ. ಗೊತ್ತಾದರೆ ನಾವು ರೊಕ್ಕ ಹೊಂದಿಸಿ, ಗಾಡಿ ಹೇಳಿ, ಹಗಲಿನಲ್ಲೇ ಕಲಬುರಗಿ ಸೇರುತ್ತೇವೆ. ಗೊತ್ತಾಗದಿದ್ದರೆ ಅದು ಗೊತ್ತಾಗುವುದು ನಡುರಾತ್ರಿ, ರಕ್ತ ಹರಿಯಲು ಶುರುವಾದ ಮೇಲೆ. ಆಗ 108ಕ್ಕೆ ಫೋನು. ಅದು ಇನ್ನೊಂದು ಊರಿನಲ್ಲಿದ್ದರೆ ಬಾಡಿಗೆ ಕ್ರೂಸರ್. ಮಳೆಗಾಲವಾದರೆ ಭೀಮೆಯನ್ನೂ ಕೇಳಬೇಕು. ಘತ್ತರಗಿ ಸೇತುವೆ ಮುಳುಗಿದ್ದರೆ ಸುತ್ತು ಹಾಕಿ ಹೋಗಬೇಕು. ಆ ಹೊತ್ತಿಗೆ ಆ ಬಸುರಿಗೆ ‘ಬಂದ ಸೋಮವಾರ’ ಎಂದು ಯಾರು ಹೇಳುತ್ತೀರಿ? ನೀವೇ ಬಂದು ಹೇಳುತ್ತೀರಾ? ಅವಳು ಸತ್ತರೆ ನಿಮ್ಮಲ್ಲಿ ತಾಯಿ ಮರಣದ ಆಡಿಟ್ ನಡೆಯುತ್ತದೆ. ಯಾರು ತಡಮಾಡಿದರು, ಎಲ್ಲಿ ತಡವಾಯಿತು ಎಂದು ಫಾರಂ ತುಂಬುತ್ತೀರಿ. ಬೀಗ ಹಾಕಿದ ಬಾಗಿಲಿಗೆ ಆ ಫಾರಮಿನಲ್ಲಿ ಕಾಲಂ ಇದೆಯೇ?

ಇವತ್ತು ಅಲ್ಲಿ ಸಾಲಿನಲ್ಲಿದ್ದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ತೊಗರಿ ಹೊಲದ ಕೂಲಿ ಬಿಟ್ಟು ಬಂದವರು. ಒಬ್ಬಾಕೆ ರೊಟ್ಟಿ ಗಂಟು ಬಿಚ್ಚಿ, ಬೀಗ ನೋಡುತ್ತಲೇ ಉಂಡಳು. ‘ಸೋಮವಾರ ಮತ್ತ ಕೂಲಿ ಹೋತು’ ಅಂದಳು. ಅವಳ ಕೂಲಿ ನಿಮ್ಮ ಯಾವ ಯೋಜನೆಯ ಲೆಕ್ಕದಲ್ಲೂ ಖರ್ಚು ಬೀಳುವುದಿಲ್ಲ.

ಕಾಯಂ ಡಾಕ್ಟರನ್ನು ನಾಳೆಯೇ ಕಳಿಸಿ ಎಂದರೆ ಕಡತ ಹುಡುಕಲು ನಿಮಗೆ ಹೊತ್ತಾಗುತ್ತದೆ. ಅದಕ್ಕೇ ಅಲ್ಲಿಯವರೆಗೆ ಇಷ್ಟು ಮಾಡಿ. ಮೂರೂ ತಾಲ್ಲೂಕು ದವಾಖಾನೆಗಳ ಹೊರಗೇಟಿನ ಮೇಲೆ ಯಾವ ಡಾಕ್ಟರು ಯಾವ ವಾರ, ಎಷ್ಟು ಗಂಟೆಗೆ ಇರುತ್ತಾರೆ ಎಂದು ಬರೆಸಿ. ಬರದ ದಿನ ಹಿಂದಿನ ಸಂಜೆಯೇ ಆಶಾ ಕಾರ್ಯಕರ್ತೆಯರಿಗೆ ಫೋನು ಹೋಗಲಿ, ಊರಲ್ಲಿ ಸುದ್ದಿ ಮುಟ್ಟಿಸುತ್ತಾರೆ. ಇದಕ್ಕೆ ಟೆಂಡರ್ ಬೇಡ. ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ. ಅನುದಾನ ಇಲ್ಲದಿದ್ದರೆ ತಿಳಿಸಿ, ಬಣ್ಣ ನಾವೇ ಕೊಡಿಸುತ್ತೇವೆ.

ಇಂತಿ,
ಮೂರು ತಾಲ್ಲೂಕಿನಲ್ಲಿ ಒಂದರವನು