ಸೆಪ್ಟೆಂಬರ್‌ನಲ್ಲಿ ಊರು ನೋಡುವವರು

ಬೆಂಗಳೂರಿನಿಂದ ಈಗ ಹೆಣ್ಣು ನೋಡಲು ಹೊರಡುವವರಿಗಿಂತ ಊರು ನೋಡಲು ಹೊರಡುವವರೇ ಹೆಚ್ಚಿರಬೇಕು. ಇವರಿಗೆ ವಯಸ್ಸು ನಲವತ್ತೈದು ದಾಟಿರುತ್ತದೆ, ಮನೆ ಸಾಲದ ಕೊನೆಯ ಕಂತು ಕಣ್ಣಳತೆಗೆ ಬಂದಿರುತ್ತದೆ, ಟ್ಯಾಂಕರ್ ನೀರಿನ ಬಿಲ್ಲು ನೋಡಿ ನೋಡಿ ವೈರಾಗ್ಯ ಹುಟ್ಟಿರುತ್ತದೆ. ‘ಒಂದು ಚಿಕ್ಕ ಊರಿಗೆ ಹೋಗಿ ಇದ್ದುಬಿಡೋಣ’ ಎನ್ನುವುದು ಇವರ ಪಲ್ಲವಿ. ಚರಣಗಳು ಮಾತ್ರ ಉದ್ದ. ಊರು ಚಿಕ್ಕದಿರಬೇಕು, ಆದರೆ ಹೃದಯದ ಡಾಕ್ಟರು ಹತ್ತು ನಿಮಿಷದಲ್ಲಿ ಸಿಗಬೇಕು. ಹಳೆಯ ಕಾಲದ ಕಳೆ ಇರಬೇಕು, ಆದರೆ ಇಂಟರ್ನೆಟ್ ಹೊಸ ಕಾಲದ್ದಾಗಿರಬೇಕು. ಜನ ಮುಗ್ಧರಾಗಿರಬೇಕು, ಸೈಟಿನ ರೇಟು ಹೇಳುವಾಗಲಂತೂ ಕಡ್ಡಾಯವಾಗಿ. ಎಲ್ಲಕ್ಕಿಂತ ಮುಖ್ಯವಾಗಿ, ಊರಿಗೆ ನಾಲ್ಕು ಕಾಲಗಳಿರಬೇಕು. ನಮ್ಮ ಪಂಚಾಂಗದಲ್ಲಿರುವುದು ಆರು ಋತು, ಬಾಯಿಮಾತಿನಲ್ಲಿರುವುದು ಮೂರು ಕಾಲ, ರೈತನ ಲೆಕ್ಕದಲ್ಲಿರುವುದು ರೋಹಿಣಿ, ಮೃಗಶಿರ, ಆರಿದ್ರಾ ಎಂಬ ಮಳೆಗಳ ಸಾಲು. ಈ ನಾಲ್ಕು ಯಾವ ಲೆಕ್ಕದ್ದೆಂದು ಕೇಳಿದರೆ ಇವರಿಗೂ ಗೊತ್ತಿಲ್ಲ. ಮಕ್ಕಳ ಇಂಗ್ಲಿಷ್ ಪಾಠದಲ್ಲಿ ಎಲೆ ಕೆಂಪಾಗಿ ಉದುರುವ ಒಂದು ಚಿತ್ರವಿತ್ತು, ಅಷ್ಟೇ.

ಇಂಥವರು ತಪ್ಪದೆ ಬರುವ ಸೀಮೆಯೆಂದರೆ ಹೊಸಪೇಟೆಯ ಆಸುಪಾಸು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಇವರನ್ನು ಹತ್ತಿಸಿಕೊಂಡು ಬೆಳಗಿನ ತಂಪಿನಲ್ಲಿ ಇಳಿಸುವುದರಿಂದ ಮೊದಲ ಅಭಿಪ್ರಾಯ ಊರಿನ ಪರವಾಗಿಯೇ ಇರುತ್ತದೆ. ಆಸೆಪಟ್ಟದ್ದು ಇವರ ತಪ್ಪೆಂದು ನಾನು ಹೇಳುತ್ತಿಲ್ಲ. ತಪ್ಪಿರುವುದು ಕೂಡುವ ಲೆಕ್ಕದಲ್ಲಿ. ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿ, ಮೂವತ್ತಮೂರು ಗೇಟುಗಳ ಸಾಲಿನಿಂದ ನೀರು ನೊರೆಗರೆಯುವುದನ್ನು ನೋಡಿ ಹೊಸಪೇಟೆಗೆ ಮನಸೋಲುತ್ತಾರೆ. ಸೆಪ್ಟೆಂಬರ್‌ನಲ್ಲಿ ಸಂಡೂರಿನ ಗುಡ್ಡಗಳು ಹಸಿರು ಹೊದ್ದು ಮೋಡಕ್ಕೆ ತಲೆ ಕೊಟ್ಟಿರುವಾಗ ಅಲ್ಲಿಗೆ ಹೋಗುತ್ತಾರೆ. ದಸರೆ ಕಳೆದ ಮೇಲೆ ಕಂಪ್ಲಿಯ ಹೊಳೆದಂಡೆಯ ಭತ್ತ, ಕಬ್ಬು, ಬಾಳೆ ಕಂಡು ಕಣ್ತುಂಬಿಕೊಳ್ಳುತ್ತಾರೆ. ಜನವರಿಯ ಎಳೆಬಿಸಿಲಿನಲ್ಲಿ ಹಂಪಿಯ ಬಂಡೆಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಮನೆಗೆ ಬಂದು, ನಾಲ್ಕು ಊರುಗಳ ನಾಲ್ಕು ಒಳ್ಳೆಯ ತಿಂಗಳುಗಳನ್ನು ಹೊಲಿದು ಒಂದು ಊರು ಮಾಡಿ, ಅದರಲ್ಲಿ ಮನಸ್ಸಿನಲ್ಲೇ ಗೃಹಪ್ರವೇಶ ಮುಗಿಸುತ್ತಾರೆ. ಫೆಬ್ರವರಿಯಿಂದ ಜುಲೈವರೆಗಿನ ಅರ್ಧ ವರ್ಷಕ್ಕೆ ಇವರ ಎಕ್ಸೆಲ್ ಹಾಳೆಯಲ್ಲಿ ಕಾಲಂ ಇಲ್ಲ. ಬಳ್ಳಾರಿ ಸೀಮೆಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ಹಳೆಯ ಜೋಕನ್ನು ಇವರು ಜೋಕೆಂದೇ ನಂಬಿರುತ್ತಾರೆ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಕಾರುವ ಹಂಪಿಯ ಬಂಡೆಗಳ ಪಕ್ಕ ಮೇ ತಿಂಗಳಲ್ಲಿ ಮಲಗಿದವರಿಗೆ ಅದು ವರದಿಯೆಂದು ಗೊತ್ತು.

ಇದಕ್ಕೆ ಇವರ ಬಳಿ ಉತ್ತರಗಳಿವೆ, ಮತ್ತು ಅವು ತಳ್ಳಿಹಾಕುವಂಥವಲ್ಲ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂದರೆಂಬ ಮಾತು ಆ ಊರಿನ ಬಾಯಲ್ಲೆಲ್ಲ ಇದೆ. ಮಹಾತ್ಮರೇ ಶಿಫಾರಸು ಮಾಡಿದ ಮೇಲೆ ಇನ್ನೇನು ಎನ್ನುತ್ತಾರೆ ಇವರು. ಆದರೆ ಆ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಔಷಧದ ಸೀಸೆಯ ಮೇಲಿನ ತಾರೀಕಿನ ಹಾಗೆ ಅದರಲ್ಲಿ ತಿಂಗಳಿದೆ. ಸಂಡೂರಿನಲ್ಲಿ ಇರಿ ಎಂದಿಲ್ಲ, ನೋಡಿ ಎಂದಿದೆ, ಅದೂ ಸೆಪ್ಟೆಂಬರ್‌ನಲ್ಲಿ. ಇದಕ್ಕಿಂತ ಪ್ರಾಮಾಣಿಕವಾದ ಪ್ರವಾಸಿ ಜಾಹೀರಾತು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ.

ಎರಡನೆಯ ಸಾಕ್ಷಿ ಬ್ರಿಟಿಷರದು. ಬಳ್ಳಾರಿ ದಂಡಿನ ಕಾವಲಿಯಲ್ಲಿ ಹುರಿದುಹೋಗುತ್ತಿದ್ದ ಸಿಪಾಯಿಗಳಿಗಾಗಿ ಅವರು ಹತ್ತೊಂಬತ್ತನೇ ಶತಮಾನದಲ್ಲಿ ಸಂಡೂರು ಸಂಸ್ಥಾನದ ರಾಮನದುರ್ಗದ ಮೇಲೆ ಆರೋಗ್ಯಧಾಮ ಕಟ್ಟಿ, ಬಂಗಲೆಗಳನ್ನು ಎಬ್ಬಿಸಿದರು. ಅಂದರೆ ಈ ಸೀಮೆಯಲ್ಲಿ ತಂಪೂರು ಹುಡುಕಿದ ಮೊದಲಿಗರು ಅವರೇ, ಮತ್ತು ಹುಡುಕಿ ಗೆದ್ದರು ಎಂಬುದು ವಾದ. ಗೆದ್ದದ್ದು ನಿಜ. ಆದರೆ ಅದು ಕಾಯಿಲೆ ಬಿದ್ದವರು ಚೇತರಿಸಿಕೊಳ್ಳಲು ಹತ್ತುತ್ತಿದ್ದ ಬೆಟ್ಟ. ಮೈ ಹುಷಾರಾದೊಡನೆ ಇಳಿದು ಪುನಃ ಅದೇ ಕಾವಲಿಗೆ ಬೀಳಬೇಕಿತ್ತು. ಸಾಮ್ರಾಜ್ಯವೇ ಬೆನ್ನಿಗಿದ್ದರೂ ಆ ತಂಪು ಖಾಯಂ ವಿಳಾಸವಾಗಲಿಲ್ಲ, ಬಂಗಲೆಗಳು ಪಾಳುಬಿದ್ದವು. ಹಾಗಿರುವಾಗ ತಿಂಗಳ ಕೊನೆಗೆ ರಜೆಯ ಲೆಕ್ಕ ಹಾಕುವ ನಮ್ಮ ಅನ್ವೇಷಕರ ಕೈಯಲ್ಲಿ ಎಷ್ಟು ಸಾಧ್ಯ?

ಮೂರನೆಯ ಸಾಕ್ಷಿಗೆ ಮಾತ್ರ ನಾನೂ ಕೊಂಚ ತಲೆಬಾಗುತ್ತೇನೆ. ಕಿಕ್ಕಿರಿದ ರಾಜಧಾನಿಯಿಂದ ಆಚೆ ಹೋಗಿ ಹೊಸ ಊರೊಂದನ್ನು ಮಾಡಿಕೊಂಡ ಮಹಾಶಯರಲ್ಲಿ ಕೃಷ್ಣದೇವರಾಯನೂ ಒಬ್ಬ. ನಾಗಲಾದೇವಿಯ ಹೆಸರಿನಲ್ಲಿ ಅವನು ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಆದರೆ ರಾಯನಿಗೂ ಇವರಿಗೂ ಒಂದು ವ್ಯತ್ಯಾಸವಿದೆ: ರಾಯನು ಊರಿನ ಗುಣ ನೋಡಿ ಬರಲಿಲ್ಲ, ಗುಣವನ್ನು ತಾನೇ ತಂದ. ಪೋರ್ಚುಗೀಸ್ ಕುಶಲಿಯೊಬ್ಬನ ನೆರವು ಪಡೆದು ದೊಡ್ಡ ಕೆರೆ ಕಟ್ಟಿಸಿದ್ದನ್ನು ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ನಮ್ಮವರು ಒಂದು ಊರಿಗೆ ತರುವುದೆಂದರೆ ಟೋಪಿ, ಸನ್‌ಸ್ಕ್ರೀನ್ ಮತ್ತು ‘ಇಲ್ಲಿ ನೀರು ಹೇಗೆ?’ ಎಂಬ ಪ್ರಶ್ನೆ.

ಹಾಗಾದರೆ ಇಲ್ಲಿ ನಾಲ್ಕು ಕಾಲಗಳೇ ಇಲ್ಲವೆ? ಇವೆ. ಇಲ್ಲಿರುವವರನ್ನು ಕೇಳಬೇಕು. ಕಾಲುವೆಗೆ ನೀರು ಬಿಟ್ಟ ಕಾಲ ಒಂದು. ಹೊಳೆ ಉಕ್ಕಿ ಕಂಪ್ಲಿಯ ಸೇತುವೆ ಮುಳುಗಿ, ಗಂಗಾವತಿಗೆ ಸುತ್ತಿ ಹೋಗಬೇಕಾದ ಕಾಲ ಇನ್ನೊಂದು. ಎರಡನೇ ಬೆಳೆಗೆ ನೀರುಂಟೋ ಇಲ್ಲವೋ ಎಂದು ಸಭೆಯ ತೀರ್ಮಾನಕ್ಕೆ ಕಿವಿಗೊಟ್ಟು ಕೂರುವ ಕಾಲ ಮತ್ತೊಂದು. ಕಾಲುವೆ ಬತ್ತಿ, ಬಿಸಿಲು ನೆತ್ತಿಗೇರಿ, ಹಂಪಿಯಲ್ಲಿ ವಿರೂಪಾಕ್ಷನ ತೇರು ಎಳೆಯುವ ಚೈತ್ರದ್ದು ಕೊನೆಯದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೇ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ಐದನೆಯ ಕಾಲವೂ ಬಂದಂತಾಗಿತ್ತು. ಇಲ್ಲಿ ಕಾಲವನ್ನು ಅಳೆಯುವುದು ಜಲಾಶಯದ ಮಟ್ಟದಿಂದ, ಮೊಬೈಲಿನ ಡಿಗ್ರಿಯಿಂದಲ್ಲ. ಎಲೆ ಕೆಂಪಾಗುವ ಕಾಲವೇ ಬೇಕೆಂದು ಹಟ ಹಿಡಿಯುವವರಿಗೂ ನಿರಾಸೆಯಿಲ್ಲ: ಅದಿರಿನ ಲಾರಿಗಳು ಓಡಾಡುವ ಸಂಡೂರಿನ ರಸ್ತೆ ಬದಿಯಲ್ಲಿ ಎಲೆಗಳು ಮಳೆ ಬಿಟ್ಟು ಮಿಕ್ಕ ದಿನವೆಲ್ಲ ಕೆಂಪಗೇ ಇರುತ್ತವೆ. ಉದುರುವುದಿಲ್ಲ, ಅಷ್ಟೇ.

ಚೆಲುವಾದ ಜಾಗದಲ್ಲಿ ಬಾಳಬೇಕೆನ್ನುವುದೂ ಅಪರಾಧವೆ ಎಂದು ಇವರು ನೊಂದು ಕೇಳಬಹುದು. ಖಂಡಿತ ಅಲ್ಲ. ಆದರೆ ಒಂದು ಊರು ಚಿತ್ರದಂತೆ ಕಾಣಬೇಕಾದರೆ ಅದರೊಳಗಿನ ಜನ ಚೌಕಟ್ಟಿನಿಂದ ಆಚೆ ಸರಿಯಬೇಕಾಗುತ್ತದೆ. ವಿಶ್ವ ಪರಂಪರೆಯ ಪಟ್ಟಿಗೆ 1986ರಲ್ಲಿ ಸೇರಿದ ಹಂಪಿಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನೆಲಸಮವಾದವು. ಸ್ಮಾರಕ ಉಳಿಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಹುಟ್ಟಿ ಬೆಳೆದವರನ್ನೇ ಖಾಲಿ ಮಾಡಿಸಿದ ಜಾಗದಲ್ಲಿ ‘ಬಾಡಿಗೆಗೆ ಒಂದು ಹಳೇ ಕಲ್ಲಿನ ಮನೆ ಸಿಗುತ್ತಾ?’ ಎಂದು ಕೇಳಲು ಒಂದು ಬಗೆಯ ಧೈರ್ಯ ಬೇಕು.

ಆಟೋದವರಿಗೆ ಇವರ ಗುರುತು ಸ್ಟೇಷನ್ನಿನಲ್ಲೇ ಸಿಕ್ಕಿಬಿಡುತ್ತದೆ. ವಗ್ಗಾಣಿ-ಮಿರ್ಚಿ ತಿನ್ನಿಸಿ, ಡ್ಯಾಮು ತೋರಿಸಿ, ನಾಲ್ಕು ಲೇಔಟು ಸುತ್ತಿಸಿ ಕೊನೆಗೆ ಹೇಳುವ ಬುದ್ಧಿಮಾತೊಂದಿದೆ: ‘ಅಡ್ವಾನ್ಸ್ ಈಗ ಕೊಡಬ್ಯಾಡ್ರಿ ಸಾರ್, ಏಪ್ರಿಲ್‌ನಾಗ ಒಂದ್ಸಲ ಬಂದು ನೋಡ್ರಿ.’ ಇವರು ಖಂಡಿತ ಬರುತ್ತೇವೆಂದು ನಂಬರ್ ಬರೆದುಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಇವರು ಚಿಕ್ಕಮಗಳೂರಿನಲ್ಲಿರುತ್ತಾರೆ, ಊರು ನೋಡುತ್ತಾ. ಅಲ್ಲಿ ಆಗ ಕಾಫಿ ಹೂ ಬಿಟ್ಟಿರುತ್ತದಲ್ಲ.