ಝೀಕ್ಲೇ ರಾಯರು

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ರಾಯರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಗೇಟಿನ ಪಕ್ಕದ ಟಪಾಲು ಡಬ್ಬಿಯ ಮೇಲೆ ಅದು ಈಗಲೂ ಇದೆ. ಆದರೆ ವಾಚ್‌ಮನ್ನಿನಿಂದ ಹಿಡಿದು ಸಂಘದ ಅಧ್ಯಕ್ಷರವರೆಗೆ ಎಲ್ಲರಿಗೂ ಅವರು ಝೀಕ್ಲೇ ರಾಯರು. ಮೊದಲ ಸಲ ಅವರ ಬಾಯಲ್ಲಿ ಆ ಪದ ಕೇಳಿದಾಗ, ಅದು ಖೋವಾ ಹಾಕಿ ಮಾಡುವ ಯಾವುದೋ ಉತ್ತರದ ಕಡೆಯ ಸಿಹಿ ಇರಬೇಕು ಅಂದುಕೊಂಡು, "ನಂಗೆ ಶುಗರ್ ಇದೆ, ಬೇಡಿ" ಅಂದಿದ್ದೆ. ರಾಯರು ಕನಿಕರದಿಂದ ನೋಡಿದರು. ಅದು ಫ್ರೆಂಚ್ ಪದವಂತೆ, ಚಿಮ್ಮಿಸುವುದು ಎಂಬರ್ಥವಂತೆ, ಬಣ್ಣದ ಮಸಿಯನ್ನು ಕೂದಲಿಗಿಂತ ಸಣ್ಣ ಹನಿಯಾಗಿ ಕಾಗದದ ಮೇಲೆ ಚಿಮ್ಮಿಸಿ ಕಲಾಕೃತಿಯ ಪ್ರತಿ ತೆಗೆಯುವ ವಿಧಾನವಂತೆ.

"ಅಂದ್ರೆ ಇಂಕ್‌ಜೆಟ್ಟಾ?" ಅಂದೆ.

ಆಮೇಲೆ ಎರಡು ದಿನ ರಾಯರು ಲಿಫ್ಟಿನಲ್ಲಿ ನನ್ನ ಜೊತೆ ಮಾತಾಡಲಿಲ್ಲ.

ರಾಯರು 31 ವರ್ಷ ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಯಾವ ಲೆಡ್ಜರಿನಲ್ಲೂ ತಪ್ಪು ಇದ್ದೇ ಇರುತ್ತದೆ, ಹುಡುಕುವವನಿಗೆ ತಾಳ್ಮೆ ಬೇಕು ಅಷ್ಟೆ ಎಂಬುದು ಅವರ ನಂಬಿಕೆ. ಗೃಹಪ್ರವೇಶವಾದ ವಾರದಲ್ಲೇ ಅವರ ಮನೆಯವರು ಸೋಫಾದ ಹಿಂದಿನ ಗೋಡೆ ತೋರಿಸಿ "ಇಲ್ಲೊಂದು ಒಳ್ಳೇ ಚಿತ್ರ ಹಾಕ್ಸಿ" ಅಂದಿದ್ದರು. ಯಾವ ಚಿತ್ರ ಅನ್ನುವುದು ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರ. ಶಾಲೆಯ ಪ್ರವಾಸದಲ್ಲಿ ಸಾಲಾಗಿ ನಿಂತು ನೋಡಿದ ನಮ್ಮ ತಲೆಮಾರಿನವರಿಗೆಲ್ಲ ಅದು ಗೊತ್ತು: ಒಂದು ಕೈಯಲ್ಲಿ ದೀಪ, ಗಾಳಿಗೆ ಅಡ್ಡವಾಗಿ ಇನ್ನೊಂದು ಕೈ, ಬೆರಳ ಸಂದಿಯಲ್ಲಿ ಕೆಂಪು, ಮುಖದ ಮೇಲೆ ಬಂಗಾರದಂಥ ಬೆಳಕು. ಮೇಷ್ಟ್ರು "ಮುಂದೆ ನಡೀರೋ" ಅಂದರೂ ಕಾಲು ಏಳುತ್ತಿರಲಿಲ್ಲ. ಚಿತ್ರ ಗೊತ್ತಾಯಿತು. ಗೋಡೆ ಬರಿದಾಗಿಯೇ ಇದೆ. ಇದೆಲ್ಲ ಎರಡು ವರ್ಷ ನಾಲ್ಕು ತಿಂಗಳ ಹಿಂದಿನ ಮಾತು.

ಮೊದಲ ವರ್ಷ ಅಂಗಡಿಯವರ ಪರೀಕ್ಷೆಯಲ್ಲೇ ಕಳೆಯಿತು. ರಾಯರು ಯಾವ ಅಂಗಡಿಗೆ ಹೋದರೂ ಮೊದಲು ಏನೂ ತಿಳಿಯದವರ ಹಾಗೆ ಮುಖ ಮಾಡಿ, "ಈ ಚಿತ್ರ ಯಾರದ್ದಪ್ಪಾ?" ಅಂತ ಕೇಳುತ್ತಾರೆ. ಹುಡುಗ ಉತ್ಸಾಹದಿಂದ "ರವಿವರ್ಮಂದು ಸಾರ್" ಅನ್ನುತ್ತಾನೆ. ಅಲ್ಲಿಗೆ ಆ ಅಂಗಡಿಯ ಕಥೆ ಮುಗಿಯಿತು. "ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಈ ಚಿತ್ರ ಬರೆದಿದ್ದು 1945-46ರಲ್ಲಿ. ಸತ್ತು 40 ವರ್ಷಕ್ಕೆ ಎದ್ದು ಬಂದು ಬರೆದನೇನಯ್ಯ?" ಚಿತ್ರ ಸಾವಂತವಾಡಿಯ ಎಸ್. ಎಲ್. ಹಲ್ದಂಕರರದ್ದು, ದೀಪ ಹಿಡಿದು ನಿಂತವಳು ಅವರ ಸ್ವಂತ ಮಗಳು ಎಂದು ಅಲ್ಲೇ ನಿಂತು ಕಾಲು ಗಂಟೆ ಪಾಠ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಜನಕ್ಕೆ ಗೊಂದಲವಾಗುವುದು ಸಹಜ, ನಿಜ ಹೇಳಬೇಕೆಂದರೆ ನಾನೂ ರವಿವರ್ಮನದ್ದೇ ಅಂದುಕೊಂಡಿದ್ದೆ. ರಾಯರ ಎದುರು ಒಪ್ಪಿಕೊಂಡಿಲ್ಲ. ಲಿಫ್ಟಿನಲ್ಲಿ ದಿನಾ ಸಿಗುವ ಮನುಷ್ಯ.

ಪರೀಕ್ಷೆಯಲ್ಲಿ ಪಾಸಾದ ಒಬ್ಬ ಅಂಗಡಿಯವನೂ ಇದ್ದ. ಅವನು ಎರಡನೇ ಸುತ್ತಿನಲ್ಲಿ ಸೋತ. "ಕ್ಯಾನ್ವಾಸ್ ಮೇಲೆ ಹಾಕ್ಕೊಡ್ತೀನಿ ಸಾರ್, ಒರಿಜಿನಲ್ ಥರಾನೇ ಕಾಣುತ್ತೆ" ಅಂದುಬಿಟ್ಟ. ಮೂಲ ಚಿತ್ರ ಜಲವರ್ಣ, ಕಾಗದದ ಮೇಲೆ ಬರೆದದ್ದು. ಅದನ್ನು ಕ್ಯಾನ್ವಾಸಿಗೆ ಇಳಿಸಿದರೆ ತೈಲಚಿತ್ರದ ವೇಷ ಹಾಕಿದಂತೆ. "ವೀಣೆ ಕಛೇರಿನ ನಾದಸ್ವರದಲ್ಲಿ ಊದಿಸ್ತೀನಿ ಅಂದ ಹಾಗಾಯ್ತು" ಅಂತ ರಾಯರು ಎದ್ದು ಬಂದರು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಮತ ರಾಯರಿಗೇ.

ಹಾಗಾಗಿ ಕಾಗದ. ಆಸಿಡ್ ಇರಬಾರದು, ಹಳದಿಗಟ್ಟುತ್ತದೆ. ಮರದ ತಿರುಳಿನದಲ್ಲ, ನೂರಕ್ಕೆ ನೂರು ಹತ್ತಿಯದೇ ಆಗಬೇಕು. ತೂಕ 300 ಜಿಎಸ್‌ಎಂಗೆ ಕಡಿಮೆ ಇರಕೂಡದು. ಈ ಕಾಗದದ ಗೀಳು ರಾಯರಿಗೆ ಎಷ್ಟು ಹತ್ತಿತೆಂದರೆ, ಮೊನ್ನೆ ನನ್ನ ಮಗಳ ಮದುವೆಯ ಆಮಂತ್ರಣ ಕೊಡಲು ಹೋದಾಗ ಅರಿಶಿನ ಹಚ್ಚಿದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣುಮುಚ್ಚಿ ಉಜ್ಜಿದರು. "250 ಇರಬೇಕು. ಮೇಲೆ ಲ್ಯಾಮಿನೇಷನ್ ಮಾಡಿ ಕೆಡಿಸಿದ್ದಾನೆ." ಆಮೇಲೆ "ಮದುವೆ ಯಾರದ್ದು?" ಅಂದರು.

ಇನ್ನು ಫೈಲಿನ ವಿಷಯ. ಗೋಡೆಗೆ ಎರಡಡಿ ಅಗಲ, ಮೂರಡಿ ಎತ್ತರದ ಚಿತ್ರ ಬೇಕು. ಇಂಚಿಗೆ 300 ಚುಕ್ಕೆಯಂತೆ 7,200 ಅಡ್ಡ, 10,800 ಉದ್ದ ಬೇಕೆಂದು ರಾಯರು ಹಳೇ ಡೈರಿಯಲ್ಲಿ ಗುಣಿಸಿ, ತಾಳೆ ನೋಡಿ, ಇನಿಷಿಯಲ್ ಹಾಕಿ ಇಟ್ಟಿದ್ದಾರೆ. ಸೊಸೆ ಮೊಬೈಲಿನಲ್ಲಿ ಹುಡುಕಿ ಕಳಿಸಿದ ಚಿತ್ರದ ಅಗಲ 736. "ಇದರಲ್ಲಿ ಎರಡೂವರೆ ಇಂಚಿನ ಚಿತ್ರ ಬರುತ್ತಮ್ಮಾ. ಲಕೋಟೆಗೆ ಅಂಟಿಸಬಹುದು." ಒಬ್ಬ ಅಂಗಡಿಯವನು ಕಂಪ್ಯೂಟರಿನ ಬುದ್ಧಿಯಿಂದಲೇ ಹಿಗ್ಗಿಸಿ ಕೊಡುತ್ತೇನೆಂದು ಹಿಗ್ಗಿಸಿ ಕೊಟ್ಟ. ಸೀರೆಯ ಅಂಚು ಚಾಕುವಿನಷ್ಟು ಚೂಪಾಗಿ ಬಂದಿತ್ತು. ರಾಯರು ಸಂತೋಷಪಟ್ಟು, ಅಭ್ಯಾಸಬಲದಿಂದ ಬೆರಳು ಎಣಿಸಿದರು. ದೀಪಕ್ಕೆ ಅಡ್ಡ ಹಿಡಿದ ಕೈಯಲ್ಲಿ ಆರು.

ಬಣ್ಣದ ಪಾಡು ಇನ್ನೂ ಕಷ್ಟ. ರಾಯರ ಸಂಗ್ರಹದಲ್ಲಿ ಈ ಚಿತ್ರದ 43 ಪ್ರತಿಗಳಿವೆ. ಒಂದರಲ್ಲಿ ಹೆಂಗಸು ಅರಿಶಿನ ಎಣ್ಣೆ ಹಚ್ಚಿಕೊಂಡ ಮದುಮಗಳ ಹಾಗಿದ್ದಾಳೆ, ಇನ್ನೊಂದರಲ್ಲಿ ಕಾಮಾಲೆಯಾದವಳ ಹಾಗೆ. ಯಾವುದು ನಿಜವಾದ ಬಣ್ಣ? ಎಲ್ಲಕ್ಕಿಂತ ಮಿಗಿಲಾಗಿ, ಮೊಬೈಲಿನಲ್ಲಿ ಉರಿಯುವ ದೀಪ ಕಾಗದಕ್ಕೆ ಇಳಿದ ಕೂಡಲೇ ಮಂಕಾಗುತ್ತದೆ. ಪರದೆಗೆ ತನ್ನದೇ ಬೆಳಕಿದೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಇದನ್ನು ಕಂಡುಕೊಂಡ ದಿನ ರಾಯರು ಎಲೆಕ್ಟ್ರಿಷಿಯನ್ನನ್ನು ಕರೆಸಿ ಹಾಲಿನ ಬಲ್ಬುಗಳನ್ನೆಲ್ಲ ಬದಲಾಯಿಸಿದರು. ಈಗ ಅವರ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತಿನ ಹಾಗೆ ಕಾಣುತ್ತದೆ. ಬಾಯಿಗಿಟ್ಟ ಮೇಲೆ ನಿರಾಸೆ.

ಮನೆಯವರು ನಡುವೆ ಒಮ್ಮೆ ಸೋತು, ತಮ್ಮ ತವರಿನಲ್ಲಿದ್ದ ಹಳೇ ರವಿವರ್ಮ ಲಕ್ಷ್ಮಿಯ ಪಟವನ್ನೇ ತರಿಸಿ ಹಾಕೋಣ ಅಂದರು. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು, ಬಣ್ಣಕ್ಕೊಂದು ಕಲ್ಲಿನಂತೆ ಒತ್ತಿ ದೇವರುಗಳನ್ನು ಮನೆಮನೆಗೆ ಕಳಿಸಿದನಲ್ಲ, ಆ ಜಾತಿಯ ಪಟ. ಆಕೆಯ ಅಜ್ಜಿ ಲಕ್ಷ್ಮಿಯ ಸೀರೆಗೆ ಚಮಕಿ ಅಂಟಿಸಿ, ಸೆರಗಿಗೆ ನಿಜವಾದ ಜರಿ ಹೊಲಿದಿದ್ದರು. ರಾಯರು ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿ, "ಕೃತಿಯ ಮೂಲಸ್ವರೂಪಕ್ಕೆ ಧಕ್ಕೆಯಾಗಿದೆ" ಎಂದು ವರದಿ ಕೊಟ್ಟರು. ಲಕ್ಷ್ಮಿ ಈಗ ದೇವರ ಕೋಣೆಯಲ್ಲಿದ್ದಾಳೆ. ಅಲ್ಲಿ ರಾಯರ ಆಡಳಿತ ನಡೆಯುವುದಿಲ್ಲ.

ಚಿತ್ರಸಂತೆಯ ಭಾನುವಾರ ನಾನೂ ಅವರ ಜೊತೆ ಕುಮಾರಕೃಪಾ ರಸ್ತೆಗೆ ಹೋಗಿದ್ದೆ, ತಪ್ಪು ಮಾಡಿದೆ. ಚಿತ್ರಕಲಾ ಪರಿಷತ್ತಿನ ಎದುರು ಪಾದಚಾರಿ ಹಾದಿಯಲ್ಲಿ ಚಿತ್ರ ಹರಡಿಕೊಂಡು ಕೂತಿದ್ದ ಒಬ್ಬ ಹುಡುಗಿಯ ಮುಂದೆ ರಾಯರು ನಿಂತರು. ಒಂದು ಜಲವರ್ಣ. ಹಿತ್ತಿಲ ಬಾಗಿಲಲ್ಲಿ ಮುದುಕಿಯೊಬ್ಬಳು ಅಕ್ಕಿ ಆರಿಸುತ್ತಿದ್ದಾಳೆ, ಮೊರದ ಮೇಲೆ ಸಂಜೆ ಬಿಸಿಲು. ರಾಯರ ಮುಖ ಮೆತ್ತಗಾದದ್ದನ್ನು ನಾನು ಮೊದಲ ಸಲ ಕಂಡೆ. ಭೂತಗನ್ನಡಿ ತೆಗೆದು ಬಗ್ಗಿದರು.

"ಎಷ್ಟಮ್ಮಾ ಇದು?"

ಹೇಳಿದಳು. ರಾಯರು ವಿಚಾರಿಸಿಟ್ಟಿದ್ದ ಪ್ರಿಂಟಿನ ಫ್ರೇಮಿಗಿಂತ ಕಡಿಮೆ.

"ಯಾವ ಪೇಪರ್ರು? ಇಂಕು ಪಿಗ್ಮೆಂಟೋ ಡೈಯೋ?"

"ಅಂಕಲ್, ಇದು ಪ್ರಿಂಟ್ ಅಲ್ಲ. ನಾನೇ ಬರೆದಿದ್ದು. ಒರಿಜಿನಲ್ಲು."

"ಓ, ಒರಿಜಿನಲ್ಲಾ?" ರಾಯರು ಭೂತಗನ್ನಡಿಯನ್ನು ಜೇಬಿಗಿಳಿಸಿದರು. "ಹಾಗಾದ್ರೆ ಬೇಡ ಬಿಡಮ್ಮ. ನಮಗೆ ಪ್ರಿಂಟೇ ಬೇಕಾಗಿತ್ತು."

ಆ ಹುಡುಗಿಯ ಮುಖ ನೋಡಲಾಗದೆ ನಾನು ಪಕ್ಕದ ಚುರುಮುರಿ ಗಾಡಿಯ ಕಡೆ ತಿರುಗಿದೆ.

ಫ್ರೇಮು ಹಾಕುವ ಮುದುಕನೊಬ್ಬ ಮಾತ್ರ ರಾಯರಿಗೆ ಸವಾಲು ಹಾಕಿದ. ಗಾಜಿಗೆ ತಾಗದಂತೆ ನಡುವೆ ಮೌಂಟ್ ಬೋರ್ಡ್, ಗೋಡೆಯ ತೇವ ಹತ್ತದಂತೆ ಹಿಂದೆ ಅರ್ಧ ಇಂಚು ಗಾಳಿ, ನೂರು ವರ್ಷ ಮಾಸದ ಮಸಿ ಎಂದೆಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ಮೊಳೆ ತೆಗೆದು ಕೇಳಿದ: "ಚಿತ್ರಕ್ಕೆ ನೂರು ವರ್ಷ ಸರಿ ಸ್ವಾಮಿ. ನಿಮ್ಮ ಬಿಲ್ಡಿಂಗಿಗೆ ಎಷ್ಟು ವರ್ಷ ಅಂತ ಬರ್ಕೊಟ್ಟಿದಾನೆ ಬಿಲ್ಡರ್ರು?"

ಸದ್ಯಕ್ಕೆ ಆ ಗೋಡೆಯ ಮೇಲೆ ಇರುವುದು ದಿನಪತ್ರಿಕೆ. ಅಳತೆ ಕಣ್ಣಿಗೆ ಹೊಂದುತ್ತದೋ ಇಲ್ಲವೋ ನೋಡಲು ಹಾಳೆಗಳನ್ನು ಎರಡಡಿಗೆ ಮೂರಡಿ ಜೋಡಿಸಿ, ನಟ್ಟನಡು ನೆಲದಿಂದ 57 ಇಂಚಿಗೆ ಬರುವಂತೆ ಅಂಟಿಸಿದ್ದಾರೆ. ಮ್ಯೂಸಿಯಮ್ಮುಗಳ ಲೆಕ್ಕವಂತೆ ಅದು. ಬಂದವರೆಲ್ಲ ಕಾಫಿ ಹಿಡಿದು, ಕತ್ತು ಓರೆ ಮಾಡಿ ಎರಡು ವರ್ಷದ ಹಿಂದಿನ ಅಡಿಕೆ ಧಾರಣೆ ಓದುತ್ತಾರೆ. ಮೂಲೆಯಲ್ಲಿದ್ದ ಪದಬಂಧವನ್ನು ಮನೆಯವರು ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ದಿನಕ್ಕೊಂದು ಪದದಂತೆ ತುಂಬಿ ಮುಗಿಸಿದ್ದಾರೆ.

ಕಳೆದ ವಾರ ಸಂಜೆ ಅವರ ಮನೆಯಲ್ಲಿ ಕೂತಿದ್ದಾಗ ಮಳೆ ಹೊಡೆದು ಕರೆಂಟು ಹೋಯಿತು. ಜನರೇಟರೂ ಕೈಕೊಟ್ಟಿತು. ಕಗ್ಗತ್ತಲು. ದೇವರ ಕೋಣೆಯಿಂದ ರಾಯರ ಮನೆಯವರು ಹಣತೆ ಹಿಡಿದು ಹೊರಬಂದರು. ಬಾಲ್ಕನಿಯ ಗಾಳಿಗೆ ಆರದಿರಲೆಂದು ಇನ್ನೊಂದು ಕೈ ಅಡ್ಡ ಇಟ್ಟಿದ್ದರು. ಬೆರಳ ಸಂದಿಯಲ್ಲಿ ಕೆಂಪು, ಮುಖದ ಮೇಲೆ ಬಂಗಾರದ ಬೆಳಕು. ನಾನು ಕಾಫಿ ಲೋಟ ಕೆಳಗಿಟ್ಟೆ.

ರಾಯರೂ ಎದ್ದು ನಿಂತರು.

"ಹಾಗೇ ಇರು, ಅಲ್ಲಾಡಬೇಡ" ಅಂದರು, ದನಿ ತಗ್ಗಿಸಿ. "ಈಗ ನಿಧಾನಕ್ಕೆ ಒಂದಡಿ ಎಡಕ್ಕೆ ಬಾ. ಗಾಜು ಹಾಕಿದ್ರೆ ಎಲ್ಲಿ ಹೊಳೆಯುತ್ತೆ ಅಂತ ಗೊತ್ತಾಗ್ಬೇಕು."

"ಬೇಗ ನೋಡ್ಕೊಳ್ಳಿ, ಎಣ್ಣೆ ಮುಗೀತಾ ಬಂತು" ಅಂದರು ಅವರು.

ರಾಯರು ಅಳತೆ ಟೇಪು ಹುಡುಕಲು ಕತ್ತಲಲ್ಲಿ ಒಳಗೆ ಹೋದರು.